ತಾಲ್ಲೂಕಿನ ಸರಕಾರಿ ಶಾಲೆಗಳನ್ನು ರಾಜ್ಯದ ಜೊತೆ ಹೋಲಿಸುವುದು: ಲೆಕ್ಕ ನಾನು ಮಾಡುವ ಬಗೆ

2024ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಯಾದಗಿರಿ ಜಿಲ್ಲೆಯ ಫಲಿತಾಂಶ ಶೇ 50.59, ರಾಜ್ಯದ್ದು ಶೇ 73.40. ಅಂತರ ಹತ್ತಿರಹತ್ತಿರ 23 ಅಂಶ. ಅದರ ಹಿಂದಿನ ವರ್ಷ ಯಾದಗಿರಿಯದು 75.49, ರಾಜ್ಯದ್ದು 83.89, ಆಗ ಅಂತರ ಎಂಟೂವರೆಯೊಳಗೇ ಇತ್ತು. ಒಂದೇ ವರ್ಷದಲ್ಲಿ ಆ ಜಿಲ್ಲೆಯ ಶಾಲೆಗಳು ಅಷ್ಟು ಕೆಟ್ಟುಹೋದವೇ? ಹಾಗೇನಿಲ್ಲ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರ ನಿಗಾ) ಬಂತು, ರಾಜ್ಯದ ಫಲಿತಾಂಶವೇ ಹತ್ತು ಅಂಶಕ್ಕೂ ಹೆಚ್ಚು ಇಳಿಯಿತು, ಅದೂ ಕೃಪಾಂಕ ಕೊಟ್ಟ ಮೇಲೆ. 2023ರಲ್ಲಿ ಶೇ 96.80 ಪಡೆದು ರಾಜ್ಯಕ್ಕೇ ಮೊದಲು ಬಂದಿದ್ದ ಚಿತ್ರದುರ್ಗ ಮರುವರ್ಷ ಮೊದಲ ಹತ್ತರಲ್ಲೂ ಇರಲಿಲ್ಲ. ಆದ್ದರಿಂದ "ನಮ್ಮ ತಾಲ್ಲೂಕು ರಾಜ್ಯಕ್ಕಿಂತ ಎಷ್ಟು ಹಿಂದೆ" ಎಂದು ಯಾರಾದರೂ ಕೇಳಿದರೆ ನಾನು ಫಲಿತಾಂಶದ ಪಟ್ಟಿ ಕೈಗೆತ್ತಿಕೊಳ್ಳುವುದು ಕೊನೆಗೆ. ಅದಕ್ಕೆ ಮೊದಲು ಮಾಡಬೇಕಾದ ಕೆಲಸ ಬಹಳ ಇದೆ. ಇಲ್ಲಿ ಬರೆಯುತ್ತಿರುವುದು ಆ ಕೆಲಸದ ಬಗ್ಗೆ.

ಮೊದಲು ಗಡಿ. ಕಂದಾಯ ತಾಲ್ಲೂಕು ಬೇರೆ, ಶಿಕ್ಷಣ ಇಲಾಖೆಯ ಬ್ಲಾಕ್ ಬೇರೆ. ಯಾದಗಿರಿ ಜಿಲ್ಲೆಯಲ್ಲಿ ಈಗ ಗುರುಮಠಕಲ್, ವಡಗೇರಾ, ಹುಣಸಗಿ ಸೇರಿ ಆರು ತಾಲ್ಲೂಕುಗಳಿವೆ. ಯುಡೈಸ್ (ದೇಶದ ಶಾಲೆಗಳ ವಾರ್ಷಿಕ ಮಾಹಿತಿ ಸಂಗ್ರಹ) ಕಡತಗಳಲ್ಲಿ ನಾನು ಹಿಡಿಯುವ ಬ್ಲಾಕ್‌ಗಳು ಯಾದಗಿರಿ, ಶಹಾಪುರ, ಸುರಪುರ, ಈ ಮೂರು. ಹುಣಸಗಿಯ ಶಾಲೆಗಳ ಲೆಕ್ಕ ಬೇಕೆಂದರೆ ಸುರಪುರ ಬ್ಲಾಕಿನಿಂದ ಊರೂರು ಹೆಕ್ಕಿ ತೆಗೆಯಬೇಕು. ಜಿಲ್ಲೆಯ ಮಟ್ಟದಲ್ಲೂ ಇದೇ ತೊಡಕು. ಎಸ್ಸೆಸ್ಸೆಲ್ಸಿ ಪಟ್ಟಿಯಲ್ಲಿರುವುದು 35 ಶೈಕ್ಷಣಿಕ ಜಿಲ್ಲೆಗಳು: ಚಿಕ್ಕೋಡಿ, ಶಿರಸಿ, ಮಧುಗಿರಿ ಅಲ್ಲಿ ಪ್ರತ್ಯೇಕ ಜಿಲ್ಲೆಗಳೇ. ಜನಗಣತಿಯಲ್ಲಿ ಅವು ಬೆಳಗಾವಿ, ಉತ್ತರ ಕನ್ನಡ, ತುಮಕೂರುಗಳ ಒಳಗೆ. 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಗೆ 2011ರ ಗಣತಿಯಲ್ಲಿ ಸಾಲೇ ಇಲ್ಲ. ಹಳೆಯ ಬಳ್ಳಾರಿಯ ತಾಲ್ಲೂಕುಗಳನ್ನೂ ಆಗ ದಾವಣಗೆರೆಯಲ್ಲಿದ್ದ ಹರಪನಹಳ್ಳಿಯನ್ನೂ ಕೂಡಿಸಿಕೊಳ್ಳಬೇಕು. ಸಾಕ್ಷರತೆಯ ಕಾಲಂ ಒಂದು ಗಡಿಯದು, ಶಾಲೆಯ ಕಾಲಂ ಇನ್ನೊಂದು ಗಡಿಯದು ಆಗಿರುವ ಕೋಷ್ಟಕಗಳನ್ನು ಕೆಡಿಪಿ ಸಭೆಗಳಲ್ಲಿ (ಇಲಾಖೆಗಳ ಪ್ರಗತಿ ಪರಿಶೀಲನಾ ಸಭೆಗಳು) ಹಂಚುವುದು ಮಾಮೂಲು. ಯಾರೂ ಕೇಳುವುದೂ ಇಲ್ಲ.

ಆಮೇಲೆ ಯಾವ ರಾಜ್ಯ ಎಂಬ ಪ್ರಶ್ನೆ. ಇದು ತಮಾಷೆಯಲ್ಲ. ರಾಜ್ಯದ ಒಟ್ಟು ಸರಾಸರಿಯೊಳಗೆ ಬೆಂಗಳೂರಿನ ಖಾಸಗಿ ಶಾಲೆಗಳೆಲ್ಲ ಕೂತಿರುತ್ತವೆ. ಒಂದು ಗ್ರಾಮೀಣ ಬ್ಲಾಕಿನ ಸರಕಾರಿ ಶಾಲೆಗಳನ್ನು ಅದರ ಪಕ್ಕದಲ್ಲಿಟ್ಟರೆ ತಿಳಿಯುವುದು ಬ್ಲಾಕಿನ ಗುಣವಲ್ಲ, ಬೆಂಗಳೂರಿನ ಗಾತ್ರ. ನಾನು ಯಾವಾಗಲೂ ಮೂರು ಹೋಲಿಕೆ ಕಾಲಂ ಇಡುತ್ತೇನೆ: ರಾಜ್ಯದ ಒಟ್ಟು, ರಾಜ್ಯದ ಗ್ರಾಮೀಣ ಸರಕಾರಿ ಶಾಲೆಗಳು ಮಾತ್ರ, ಮತ್ತು ಆ ವಿಭಾಗದ ಗ್ರಾಮೀಣ ಸರಕಾರಿ ಶಾಲೆಗಳು. ಯಾದಗಿರಿಗಾದರೆ ಕಲಬುರಗಿ ವಿಭಾಗದ ಏಳು ಜಿಲ್ಲೆಗಳು. ಮೊದಲ ಕಾಲಂ ಪತ್ರಿಕೆಯವರಿಗೆ, ಎರಡನೆಯದು ಹಣ ಮತ್ತು ಹುದ್ದೆ ಕೇಳುವುದಕ್ಕೆ, ಮೂರನೆಯದು ಕೆಲಸ ಮಾಡುವವರಿಗೆ. ತಾಲ್ಲೂಕನ್ನು ರಾಜ್ಯದ ಜೊತೆ ಅಳೆಯುವ ರೂಢಿ ನಮ್ಮಲ್ಲಿ ಹೊಸದೇನಲ್ಲ. ಪ್ರಾದೇಶಿಕ ಅಸಮತೋಲನ ಕುರಿತ 2002ರ ನಂಜುಂಡಪ್ಪ ಸಮಿತಿ ವರದಿ ರಾಜ್ಯದ ಸರಾಸರಿಯನ್ನು 1 ಎಂದಿಟ್ಟು, ಅದಕ್ಕಿಂತ ಕೆಳಗಿದ್ದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಆಗಿನ ಗುಲಬರ್ಗಾ ವಿಭಾಗದವು. ವಿಧಾನ ಸರಳ, ಎಲ್ಲರಿಗೂ ಅರ್ಥವಾಗುವಂಥದ್ದು. ಆದರೆ ಅಲ್ಲಿ ಅಳೆದದ್ದು ಇಡೀ ತಾಲ್ಲೂಕನ್ನು. ಶಾಲೆಗಳಿಗೆ ಅದೇ ಒಂದು ಅಂಕಿ ಅಂಟಿಸಿದರೆ ಯಾವ ಶಾಲೆಗೆ ಏನು ಬೇಕೆಂದು ಗೊತ್ತಾಗುವುದಿಲ್ಲ.

ಕಡತ ತೆರೆಯುವಾಗ

ಯುಡೈಸ್ ಪ್ಲಸ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡರೆ ಶಾಲಾವಾರು ಕಡತಗಳು ಸಿಗುತ್ತವೆ. ಶಾಲೆಯ ವಿವರ ಒಂದರಲ್ಲಿ, ಸೌಲಭ್ಯ ಇನ್ನೊಂದರಲ್ಲಿ, ಶಿಕ್ಷಕರು, ದಾಖಲಾತಿ ಹೀಗೆ ಬೇರೆಬೇರೆ. ಎಲ್ಲವನ್ನೂ ಶಾಲೆಯ ಗುರುತುಸಂಖ್ಯೆಯ ಮೇಲೆ ಜೋಡಿಸಬೇಕು. ನಿಜವಾದ ಡೈಸ್ ಕೋಡ್ 11 ಅಂಕಿಯದು: ಮೊದಲ ಎರಡು ರಾಜ್ಯ (ಕರ್ನಾಟಕಕ್ಕೆ 29), ನಂತರ ಎರಡು ಜಿಲ್ಲೆ, ಎರಡು ಬ್ಲಾಕ್, ಮೂರು ಊರು, ಕೊನೆಯ ಎರಡು ಶಾಲೆ. ಬ್ಲಾಕ್ ಕಚೇರಿಯಿಂದ ಬರುವ ಹಾಳೆಯಲ್ಲಿ ಈ ಕೋಡ್ ಇರುತ್ತದೆ. ಅದನ್ನು ಎಕ್ಸೆಲ್‌ನಲ್ಲಿ ಹಾಗೇ ತೆರೆದರೆ 2.9ಇ+10 ಎಂದು ಮಡಚಿಕೊಳ್ಳುತ್ತದೆ, ಹಾಗೇ ಸಿಎಸ್‌ವಿಯಾಗಿ ಉಳಿಸಿದರೆ ಕೊನೆಯ ಅಂಕಿಗಳು ಹೋಗುವ ಭಯ ಇದೆ. ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಎಂದು ಗುರುತಿಸಿ ಆಮದು ಮಾಡಬೇಕು. ಸಾರ್ವಜನಿಕ ಕಡತದಲ್ಲಿ ಕೋಡ್ ಬದಲು ಬೇರೆ ಗುರುತುಸಂಖ್ಯೆ ಇರುತ್ತದೆ. ಹಾಗಾಗಿ ಈ ಎರಡನ್ನೂ ಶಾಲೆ ಶಾಲೆ ಜೋಡಿಸಲು ಹೋಗಬೇಡಿ. ರಾಜ್ಯದ ಲೆಕ್ಕಕ್ಕೆ ಪೋರ್ಟಲ್ ಕಡತ, ಬ್ಲಾಕಿನ ಒಳಲೆಕ್ಕಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಹಾಳೆ ಎಂದು ಇಟ್ಟುಕೊಂಡು, ಬ್ಲಾಕಿನ ಒಟ್ಟು ಮೊತ್ತ ಎರಡರಲ್ಲೂ ಹೊಂದುತ್ತದೆಯೇ ಎಂದಷ್ಟೇ ನೋಡಿದರೆ ಸಾಕು.

ದಾಖಲಾತಿ ಕಡತದಲ್ಲಿ ಹೊಸಬರು ಬೀಳುವ ಹಳ್ಳ ಒಂದಿದೆ. ಅಲ್ಲಿ ಅದೇ ಮಕ್ಕಳನ್ನು ಜಾತಿವರ್ಗದ ಪ್ರಕಾರ ಒಮ್ಮೆ, ವಯಸ್ಸಿನ ಪ್ರಕಾರ ಇನ್ನೊಮ್ಮೆ, ಅಲ್ಪಸಂಖ್ಯಾತರೆಂದು ಮತ್ತೊಮ್ಮೆ ಎಣಿಸಿರುತ್ತಾರೆ. ಎಲ್ಲ ಸಾಲುಗಳನ್ನೂ ಕೂಡಿಸಿದರೆ ತಾಲ್ಲೂಕಿನ ಮಕ್ಕಳ ಸಂಖ್ಯೆ ಎರಡು ಮೂರು ಪಟ್ಟಾಗಿ ನಿಲ್ಲುತ್ತದೆ. ಒಂದೇ ಗುಂಪನ್ನು ಆರಿಸಿಕೊಳ್ಳಿ. ನಾನು ಜಾತಿವರ್ಗದ ನಾಲ್ಕು ಸಾಲು ಕೂಡಿಸುತ್ತೇನೆ, ಪ್ರತಿ ಮಗುವೂ ಅದರಲ್ಲಿ ಒಮ್ಮೆ ಮಾತ್ರ ಬರುತ್ತದೆ.

ವರ್ಷ ವರ್ಷದ ಹೋಲಿಕೆಗೆ ಇನ್ನೊಂದು ಎಚ್ಚರ. 2022-23ರಿಂದ ಯುಡೈಸ್‌ನಲ್ಲಿ ಶಾಲೆಯ ಒಟ್ಟು ಸಂಖ್ಯೆ ತುಂಬುವ ಪದ್ಧತಿ ಹೋಗಿ, ಪ್ರತಿ ಮಗುವಿನ ವಿವರ ತುಂಬುವ ಪದ್ಧತಿ ಬಂತು. ಎರಡು ಕಡೆ ಹೆಸರಿದ್ದ ಮಕ್ಕಳು ಒಂದು ಕಡೆಯಿಂದ ಬಿದ್ದುಹೋದರು. ಹಿಂದಿನ ವರ್ಷಗಳ ಜೊತೆ ನೇರ ಹೋಲಿಕೆ ಕೂಡದು ಎಂದು ಕೇಂದ್ರ ಸಚಿವಾಲಯವೇ ಹೇಳಿದೆ. ಆದರೂ 2021-22ರಿಂದ ಗೆರೆ ಎಳೆದು "ದಾಖಲಾತಿ ಕುಸಿತ" ಎಂದು ತಲೆಬರಹ ಕೊಡುವವರಿಗೆ ಕೊರತೆಯಿಲ್ಲ.

ಆ ದಾಖಲಾತಿಯ ದಿನಾಂಕವೂ ಮುಖ್ಯ: ಸೆಪ್ಟೆಂಬರ್ 30. ಕಲ್ಯಾಣ ಕರ್ನಾಟಕದ ಹತ್ತಿ, ಮೆಣಸಿನಕಾಯಿ ಬೆಳೆಯುವ ಊರುಗಳಲ್ಲಿ ಆ ಹೊತ್ತಿಗೆ ಮಕ್ಕಳು ಇನ್ನೂ ಊರಲ್ಲೇ ಇರುತ್ತಾರೆ. ದಸರಾ, ದೀಪಾವಳಿ ಆದಮೇಲೆ ದುಡಿಯಲು ಬೆಂಗಳೂರು, ಪುಣೆ, ಮುಂಬೈಗೆ ಹೊರಟ ತಂದೆತಾಯಿಯ ಜೊತೆ ಒಂದಷ್ಟು ಮಕ್ಕಳು ಹೋಗುತ್ತಾರೆ. ಉಳಿದವರಲ್ಲಿ ದೊಡ್ಡ ಹೆಣ್ಣುಮಕ್ಕಳು ಹೊಲದಲ್ಲಿ. ಜನವರಿಯಲ್ಲಿ ಏಳನೇ ತರಗತಿಯ ಹಾಜರಿ ಯಾಕೆ ಅರ್ಧ ಎಂದು ಕೇಳಿದರೆ "ಹತ್ತಿ ಬಿಡಸಾಕ ಹೋಗ್ಯಾರ್ರೀ ಸರ" ಎನ್ನುತ್ತಾರೆ ಮೇಷ್ಟ್ರು, ಹಾಜರಿ ಪುಸ್ತಕದಿಂದ ತಲೆಯೆತ್ತದೆಯೇ. ರಾಜ್ಯದ ಕಡತದಲ್ಲಿ ಇದು ಎಲ್ಲೂ ಕಾಣುವುದಿಲ್ಲ; ಸೆಪ್ಟೆಂಬರಿನ ಲೆಕ್ಕದಲ್ಲಿ ಸುರಪುರವೂ ಸುಳ್ಯವೂ ಒಂದೇ. ಇದಕ್ಕೆ ನಾನು ನೋಡುವುದು ಬಿಸಿಯೂಟದ ವಹಿ. ಅಲ್ಲಿ ದಿನದಿನದ ಊಟದ ಸಂಖ್ಯೆ ಇರುತ್ತದೆ, ಅಕ್ಕಿಯ ಖರ್ಚಿನ ಜೊತೆ ತಾಳೆಯಾಗಬೇಕಾದ್ದರಿಂದ ತೀರಾ ಕೈಗೆ ಬಂದಂತೆ ಬರೆಯಲಾಗುವುದಿಲ್ಲ. ಪ್ರಾಥಮಿಕ ಹಂತಕ್ಕೆ ಮಗುವಿಗೆ ದಿನಕ್ಕೆ 100 ಗ್ರಾಂ, ಆರರಿಂದ ಎಂಟಕ್ಕೆ 150 ಗ್ರಾಂ ಎಂಬುದು ಪ್ರಮಾಣ. ಜುಲೈ, ನವೆಂಬರ್, ಜನವರಿ ತಿಂಗಳುಗಳಿಂದ ತಲಾ ಎರಡು ವಾರ ಆರಿಸಿ, ಸೋಮವಾರ ಮತ್ತು ಶನಿವಾರ ಬಿಟ್ಟು, ಸರಾಸರಿ ತೆಗೆದು ದಾಖಲಾತಿಯಿಂದ ಭಾಗಿಸುತ್ತೇನೆ. ಹಾಜರಿ ಪುಸ್ತಕ ಶೇ 90 ಎಂದು, ಊಟದ ವಹಿ 70 ಎಂದು ಹೇಳಿದರೆ ನಂಬಬೇಕಾದ್ದು ಯಾವುದೆಂದು ಹೇಳಬೇಕಿಲ್ಲ.

ಶಿಕ್ಷಕರ ಲೆಕ್ಕ

ಅತಿ ಹೆಚ್ಚು ಮೋಸ ಹೋಗುವುದು ಇಲ್ಲಿ. ಒಂದು ಉದಾಹರಣೆ ಕಟ್ಟಿಕೊಳ್ಳೋಣ: ಮೂರು ಕಿರಿಯ ಪ್ರಾಥಮಿಕ ಶಾಲೆಗಳು. ಒಂದರಲ್ಲಿ 12 ಮಕ್ಕಳು, 2 ಶಿಕ್ಷಕರು. ಇನ್ನೊಂದರಲ್ಲಿ 45 ಮಕ್ಕಳು, 2 ಶಿಕ್ಷಕರು. ಮೂರನೆಯದರಲ್ಲಿ 243 ಮಕ್ಕಳು, 5 ಶಿಕ್ಷಕರು. ಒಟ್ಟು ಮಕ್ಕಳನ್ನು ಒಟ್ಟು ಶಿಕ್ಷಕರಿಂದ ಭಾಗಿಸಿದರೆ 300ಕ್ಕೆ 9, ಅಂದರೆ 33. ಶಾಲಾವಾರು ಅನುಪಾತ (6, 22.5, 48.6) ತೆಗೆದು ಸರಾಸರಿ ಮಾಡಿದರೆ ಸುಮಾರು 26. ಮಗು ಕೂತ ಜಾಗದಿಂದ ನೋಡಿ, ಪ್ರತಿ ಮಗುವಿನ ಶಾಲೆಯ ಅನುಪಾತವನ್ನು ಸರಾಸರಿ ಮಾಡಿದರೆ 43. ಮೂರೂ ಸರಿಯಾದ ಲೆಕ್ಕಗಳೇ. ಶಿಕ್ಷಣ ಹಕ್ಕು ಕಾಯ್ದೆಯ 30ರ ಮಿತಿ ಪಾಲನೆಯಾಗಿದೆ ಎನ್ನಬೇಕಾದವರು 26 ತೋರಿಸುತ್ತಾರೆ. ಹುದ್ದೆ ಬೇಕಾದವರು 43 ತೋರಿಸುತ್ತಾರೆ.

ನಾನು ಅನುಪಾತವನ್ನೇ ಬಿಟ್ಟು ಕೊರತೆ ಎಣಿಸುತ್ತೇನೆ. ಕಾಯ್ದೆಯ ಅನುಸೂಚಿ ಸ್ಪಷ್ಟವಾಗಿದೆ: 1ರಿಂದ 5ಕ್ಕೆ 60 ಮಕ್ಕಳವರೆಗೆ ಇಬ್ಬರು, 90ರವರೆಗೆ ಮೂವರು, 120ರವರೆಗೆ ನಾಲ್ವರು, 200ರವರೆಗೆ ಐವರು, 150 ದಾಟಿದರೆ ಮುಖ್ಯ ಶಿಕ್ಷಕರು ಪ್ರತ್ಯೇಕ, 200 ದಾಟಿದರೆ ಮುಖ್ಯ ಶಿಕ್ಷಕರನ್ನು ಬಿಟ್ಟು 40 ಮಕ್ಕಳಿಗೆ ಒಬ್ಬರಿಗಿಂತ ಕಡಿಮೆ ಇರಕೂಡದು. ಹಾಗೆ ನೋಡಿದರೆ ಮೊದಲ ಎರಡು ಶಾಲೆಗಳಲ್ಲಿ ಕೊರತೆ ಇಲ್ಲ, ಮೂರನೆಯದಕ್ಕೆ ಏಳು ಬೇಕು, ಐದಿದೆ. ಕೊರತೆ ಎರಡು, ಮೇಲೆ ಮುಖ್ಯ ಶಿಕ್ಷಕರು. ಹನ್ನೆರಡು ಮಕ್ಕಳ ಶಾಲೆಯಿಂದ ಒಬ್ಬರನ್ನು ಎತ್ತಿ ಇಲ್ಲಿಗೆ ಹಾಕುವಂತಿಲ್ಲ. ಎತ್ತಿದರೆ ಅದು ಏಕೋಪಾಧ್ಯಾಯ ಶಾಲೆಯಾಗುತ್ತದೆ. ಮಲೆನಾಡಿನ ಬ್ಲಾಕುಗಳ ಅನುಪಾತ ಚೆನ್ನಾಗಿ ಕಾಣುವುದು ಇಂಥ ಸಣ್ಣ ಶಾಲೆಗಳಿಂದ. ಅಲ್ಲಿ ಐದು ತರಗತಿಗಳನ್ನು ಇಬ್ಬರು ಒಟ್ಟಿಗೆ ಕೂರಿಸಿಕೊಂಡು ಕಲಿಸುತ್ತಿರುತ್ತಾರೆ ಎಂಬುದು ಅನುಪಾತದಲ್ಲಿ ಬರುವುದಿಲ್ಲ. ರಾಜ್ಯದ ಗ್ರಾಮೀಣ ಸರಕಾರಿ ಶಾಲೆಗಳಿಗೂ ಇದೇ ಸೂತ್ರ ಹಾಕಿ, ನೂರು ಅಗತ್ಯ ಹುದ್ದೆಗೆ ಎಷ್ಟು ಕೊರತೆ ಎಂದು ಎರಡೂ ಕಡೆ ತೆಗೆದರೆ ಹೋಲಿಕೆ ಗಟ್ಟಿಯಾಗುತ್ತದೆ.

ಶಿಕ್ಷಕರು ಎಂದರೆ ಯಾರು ಎಂಬುದನ್ನೂ ಬಿಡಿಸಬೇಕು. ಕಾಯಂ, ಅತಿಥಿ, ನಿಯೋಜನೆ ಮೇಲೆ ಬೇರೆ ಶಾಲೆಗೋ ಕಚೇರಿಗೋ ಹೋದವರು. ಸಂಬಳ ಎಳೆಯುವ ಶಾಲೆಯಲ್ಲಿ ಹೆಸರು, ಕೆಲಸ ಇನ್ನೆಲ್ಲೋ. ಅತಿಥಿ ಶಿಕ್ಷಕರು ಪ್ರತಿ ವರ್ಷ ಆದೇಶ ಬಂದಮೇಲೆ ಸೇರುತ್ತಾರೆ, ಶಾಲೆ ಶುರುವಾದ ಮೊದಲ ವಾರಗಳಲ್ಲಿ ಅವರು ಇರುವುದಿಲ್ಲ. ಸೆಪ್ಟೆಂಬರ್ ಕಡತದಲ್ಲಿ ಮಾತ್ರ ವರ್ಷಪೂರ್ತಿ ಇದ್ದವರಂತೆ ಕಾಣುತ್ತಾರೆ. ನಾನು ಸಿಆರ್‌ಪಿಗಳಿಂದ (ಸುತ್ತಲಿನ ಕೆಲವು ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಿಂದ) ಮೂರು ಕಾಲಂ ತರಿಸಿಕೊಳ್ಳುತ್ತೇನೆ: ಮಂಜೂರು, ಕಾಯಂ ಕಾರ್ಯನಿರತ, ಅತಿಥಿ. ಹೈಸ್ಕೂಲಿಗಾದರೆ ಗಣಿತ, ವಿಜ್ಞಾನ, ಇಂಗ್ಲಿಷ್ ಹುದ್ದೆಗಳನ್ನು ವಿಷಯವಾರು. ಒಟ್ಟು ಹುದ್ದೆಯಲ್ಲಿ ಬ್ಲಾಕು ರಾಜ್ಯದಷ್ಟೇ ಇದ್ದು, ಗಣಿತದಲ್ಲಿ ಬಹಳ ಕೆಳಗಿರುವುದು ಅಪರೂಪವಲ್ಲ.

ಏಳರಿಂದ ಎಂಟಕ್ಕೆ

ರಾಷ್ಟ್ರೀಯ ಲೆಕ್ಕದಲ್ಲಿ 6ರಿಂದ 8 ಒಂದು ಹಂತ, 9ರಿಂದ ಮೇಲಿನದು ಇನ್ನೊಂದು. ಕರ್ನಾಟಕದಲ್ಲಿ ಬಹಳಷ್ಟು ಹಿರಿಯ ಪ್ರಾಥಮಿಕ ಶಾಲೆಗಳು ಏಳಕ್ಕೇ ಮುಗಿಯುತ್ತವೆ, ಹೈಸ್ಕೂಲು ಎಂಟರಿಂದ. ಮಗು ಊರು ಬಿಟ್ಟು ಐದಾರು ಕಿಲೋಮೀಟರ್ ಆಚೆಯ ಹೈಸ್ಕೂಲಿಗೆ ಹೋಗಬೇಕಾದ ಜಾಗ ಅದು. ಶಾಲೆ ಬಿಡುವುದೂ ಅಲ್ಲೇ. ಆದರೆ ಹಂತವಾರು ಡ್ರಾಪ್‌ಔಟ್ ಅಂಕಿಯಲ್ಲಿ ಆ ಬಿರುಕು 6-8ರ ಹೊಟ್ಟೆಯೊಳಗೆ ಸೇರಿಹೋಗಿ, ಬೇರೆ ರಾಜ್ಯಗಳ ಎಂಟರಿಂದ ಒಂಬತ್ತರ ಬಿರುಕಿನ ಜೊತೆ ಹೋಲಿಕೆಯಾಗುತ್ತದೆ. ಹಂತದ ಅಂಕಿ ಬಿಟ್ಟು ತರಗತಿವಾರು ತೆಗೆಯಬೇಕು.

ತೆಗೆಯುವ ಬಗೆ ಇದು. ಈ ವರ್ಷ ಎಂಟನೇ ತರಗತಿಯಲ್ಲಿರುವವರಿಂದ, ಕಳೆದ ವರ್ಷವೂ ಎಂಟರಲ್ಲೇ ಇದ್ದು ಉಳಿದವರನ್ನು ಕಳೆದು, ಕಳೆದ ವರ್ಷ ಏಳರಲ್ಲಿ ಇದ್ದವರಿಂದ ಭಾಗಿಸುವುದು. ಆಡಳಿತ ಯಾವುದೇ ಇರಲಿ, ಬ್ಲಾಕಿನ ಎಲ್ಲ ಶಾಲೆ ಸೇರಿಸಿ. ರಾಜ್ಯಕ್ಕೂ ಹೀಗೇ. ಪ್ರಮಾಣ ನೂರು ದಾಟಿದರೆ ಹೊರಗಿನ ಮಕ್ಕಳು ಬಂದು ಸೇರಿದ್ದಾರೆ ಎಂದರ್ಥ, ಸಾಮಾನ್ಯವಾಗಿ ತಾಲ್ಲೂಕು ಕೇಂದ್ರದ ಹಾಸ್ಟೆಲುಗಳಿಂದ. ಬಾಲಕ ಬಾಲಕಿ ಬೇರೆ ಮಾಡದೆ ಇದನ್ನು ನೋಡುವುದರಲ್ಲಿ ಅರ್ಥವಿಲ್ಲ. ಸೋರಿಕೆ ಎಲ್ಲಿ ಎಂದು ತಿಳಿಯಬೇಕಾದರೆ ಪ್ರತಿ ಹಿರಿಯ ಪ್ರಾಥಮಿಕ ಶಾಲೆಯ ಏಳನೇ ತರಗತಿ ಪಟ್ಟಿ ಹಿಡಿದು, ಟಿಸಿ ಒಯ್ದವರಲ್ಲಿ ಯಾರ ಸ್ಯಾಟ್ಸ್ ಸಂಖ್ಯೆ (ರಾಜ್ಯದಲ್ಲಿ ಪ್ರತಿ ವಿದ್ಯಾರ್ಥಿಗೆ ಕೊಡುವ ಗುರುತುಸಂಖ್ಯೆ) ಇನ್ನೂ ಯಾವ ಶಾಲೆಗೂ ಸೇರಿಲ್ಲ ಎಂದು ನೋಡಬೇಕು. ಟಿಸಿ ಕೊಟ್ಟ ಮುಖ್ಯ ಶಿಕ್ಷಕರ ಲೆಕ್ಕದಲ್ಲಿ ಮಗು ಹೋಯಿತು, ಹೈಸ್ಕೂಲಿನ ಲೆಕ್ಕಕ್ಕೆ ಬರಲೇ ಇಲ್ಲ. ಇಬ್ಬರೂ ತಮ್ಮ ಕಡತದಲ್ಲಿ ಸರಿ.

ಜನಸಂಖ್ಯೆಯಿಂದ ಭಾಗಿಸುವ ಒಟ್ಟು ದಾಖಲಾತಿ ಪ್ರಮಾಣವನ್ನು, ಅಂದರೆ ಜಿಇಆರ್ ಅನ್ನು, ಬ್ಲಾಕಿನ ಮಟ್ಟದಲ್ಲಿ ನಾನು ಬಳಸುವುದೇ ಇಲ್ಲ. 2011ರ ಗಣತಿಯಿಂದ ಮುಂದಕ್ಕೆ ಎಳೆದ ಅಂದಾಜು, ವಲಸೆಯ ತಾಲ್ಲೂಕಿನಲ್ಲಿ ಯಾವ ಕಡೆಗೂ ವಾಲಬಹುದು.

ಫಲಿತಾಂಶ

ಈಗ ಎಸ್ಸೆಸ್ಸೆಲ್ಸಿ. 2025ರ ಪರೀಕ್ಷೆ-1ಕ್ಕೆ ಕೂತವರು 8,42,173, ತೇರ್ಗಡೆಯಾದವರು 5,24,984. ಅಂದರೆ ಶೇ 62.34. ಅದೇ ದಿನ ಪತ್ರಿಕೆಗಳಲ್ಲಿ ಬಂದ ಇನ್ನೊಂದು ಅಂಕಿ 66.14, ಅದು ಶಾಲೆಯಿಂದ ಮೊದಲ ಸಲ ಕೂತವರದು ಮಾತ್ರ. ಬ್ಲಾಕಿನವರು ತಮ್ಮ ಶಾಲೆಗಳ ರೆಗ್ಯುಲರ್ ಮಕ್ಕಳ ಫಲಿತಾಂಶ ತೆಗೆದು 62ರ ಪಕ್ಕದಲ್ಲಿಟ್ಟರೆ ಕೂತಲ್ಲೇ ನಾಲ್ಕು ಅಂಶ ಲಾಭ. ಇದಲ್ಲದೆ 2024, 2025ರಲ್ಲಿ ಪರೀಕ್ಷೆಗಳು ಮೂರು ನಡೆದವು. ಒಂದರದ್ದನ್ನು ಮೂರೂ ಸೇರಿದ್ದರ ಜೊತೆ ಇಡಕೂಡದು.

ಕೂತವರಿಂದ ಭಾಗಿಸುವುದೇ ಅರ್ಧ ಲೆಕ್ಕ. ಒಂಬತ್ತರಲ್ಲಿ ಸೋಸಿ, ಹಾಜರಿ ಕಡಿಮೆ ಎಂದು ಅರ್ಜಿ ತಡೆದು ಶೇಕಡಾವಾರು ಏರಿಸುವುದು ಎಲ್ಲರಿಗೂ ಗೊತ್ತಿರುವ ದಾರಿ. ಅದಕ್ಕೆ ನಾನು ತೇರ್ಗಡೆಯಾದವರನ್ನು ಎರಡು ವರ್ಷದ ಹಿಂದೆ ಎಂಟನೇ ತರಗತಿಯಲ್ಲಿ ಇದ್ದವರಿಂದ ಭಾಗಿಸುತ್ತೇನೆ. ಎಂಟರಲ್ಲಿ 2400, ಪರೀಕ್ಷೆಗೆ 2000, ತೇರ್ಗಡೆ 1300 ಎಂದಿಟ್ಟುಕೊಳ್ಳಿ: ಫಲಿತಾಂಶ ಶೇ 65, ಎಂಟಕ್ಕೆ ಬಂದವರ ಲೆಕ್ಕದಲ್ಲಿ 54. ಎರಡು ಬ್ಲಾಕುಗಳ ಮೊದಲ ಅಂಕಿ ಒಂದೇ ಇದ್ದು ಎರಡನೆಯದರಲ್ಲಿ ಹತ್ತು ಅಂಶ ವ್ಯತ್ಯಾಸ ಬಂದರೆ, ಒಂದು ಬ್ಲಾಕು ಮಕ್ಕಳನ್ನು ದಾರಿಯಲ್ಲೇ ಬಿಟ್ಟು ಬಂದಿದೆ.

ಇನ್ನು ಮಿಶ್ರಣದ ಪಾಲು. ರಾಜ್ಯದಲ್ಲಿ ಸರಕಾರಿ, ಅನುದಾನಿತ, ಅನುದಾನರಹಿತ ಶಾಲೆಗಳ ಫಲಿತಾಂಶ 70, 72, 88 ಎಂದೂ, ಮಕ್ಕಳ ಪಾಲು 40, 20, 40 ಎಂದೂ ಕಲ್ಪಿಸಿಕೊಳ್ಳೋಣ. ರಾಜ್ಯದ ಸರಾಸರಿ 77.6 ಬರುತ್ತದೆ. ನಮ್ಮ ಬ್ಲಾಕಿನ 2500 ಮಕ್ಕಳಲ್ಲಿ ಸರಕಾರಿ 1600, ಅನುದಾನಿತ 400, ಅನುದಾನರಹಿತ 500. ನಿಜ ಫಲಿತಾಂಶ 71. ಈಗ ರಾಜ್ಯದ ದರಗಳನ್ನೇ ನಮ್ಮ ಮಕ್ಕಳಿಗೆ ಹಚ್ಚಿದರೆ 1120, 288, 440, ಒಟ್ಟು 1848 ತೇರ್ಗಡೆ; ಶೇ 73.9. ಅಂತರ 6.6ರಲ್ಲಿ 3.7 ಶಾಲೆಗಳ ಮಿಶ್ರಣದಿಂದ ಬಂದದ್ದು, 2.9 ಮಾತ್ರ ಬ್ಲಾಕಿನದೇ. ಮಾತಾಡಬೇಕಾದ್ದು ಆ 2.9ರ ಬಗ್ಗೆ. ಸರಕಾರಿ ಎಂಬ ಗುಂಪಿನೊಳಗೂ ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳನ್ನು ಬೇರೆ ತೆಗೆದಿಡಿ. ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಬರೆದು ಸೇರಿದ ಮಕ್ಕಳು ಅಲ್ಲಿರುವುದು. ಅವರನ್ನು ಕಳಿಸಿಕೊಟ್ಟ ಊರ ಶಾಲೆ ತನ್ನ ಚುರುಕಾದ ಮಕ್ಕಳನ್ನು ಬಿಟ್ಟುಕೊಟ್ಟ ಮೇಲೆ ಉಳಿದವರ ಫಲಿತಾಂಶ ತೋರಿಸುತ್ತಿರುತ್ತದೆ.

ಶಾಲೆ ಶಾಲೆಗೆ ರ‍್ಯಾಂಕ್ ಕೊಡುವುದನ್ನು ನಾನು ಒಪ್ಪುವುದಿಲ್ಲ. 30 ಮಕ್ಕಳು ಕೂತ ಶಾಲೆಯಲ್ಲಿ ಫಲಿತಾಂಶ 70 ಬಂದರೆ, ಬರೀ ಆಕಸ್ಮಿಕದಿಂದಲೇ ಅದು 53ರಿಂದ 87ರವರೆಗೆ ಎಲ್ಲಿ ಬೇಕಾದರೂ ಬೀಳಬಹುದು. (70ನ್ನು ನೂರರಲ್ಲಿ ಉಳಿದ 30ರಿಂದ ಗುಣಿಸಿ, ಮಕ್ಕಳ ಸಂಖ್ಯೆಯಿಂದ ಭಾಗಿಸಿ, ವರ್ಗಮೂಲ ತೆಗೆದು ಇಮ್ಮಡಿಸಿ, ಆ ಕಡೆ ಈ ಕಡೆ ಸುಮಾರು 17.) 2500 ಮಕ್ಕಳ ಬ್ಲಾಕಿಗೆ ಇದೇ ಲೆಕ್ಕ ಎರಡು ಅಂಶಕ್ಕಿಂತ ಕಡಿಮೆ. ಸಣ್ಣ ಶಾಲೆಗಳಿಗೆ ಮೂರು ವರ್ಷ ಕೂಡಿಸಿ ನೋಡಬಹುದಿತ್ತು, ಆದರೆ 2023ನ್ನು 2024ರ ಜೊತೆ ಕೂಡಿಸುವಂತಿಲ್ಲವಲ್ಲ. ಹಾಗಾಗಿ ವರ್ಷವಾರು ರಾಜ್ಯದಿಂದ ಎಷ್ಟು ಅಂತರ ಎಂಬುದನ್ನಷ್ಟೇ ಒಂದರ ಕೆಳಗೊಂದು ಬರೆಯುತ್ತೇನೆ, 2024ರ ಮೇಲೆ ಗೆರೆ ಎಳೆದು.

ಕಲಿಕೆಯ ಸಮೀಕ್ಷೆಗಳಿಂದ ಬ್ಲಾಕಿನ ಅಂಕಿ ತೆಗೆಯಲು ಹೋಗಬಾರದು. ಹಳ್ಳಿ ಮಕ್ಕಳ ಓದು, ಲೆಕ್ಕವನ್ನು ಮನೆಗೇ ಹೋಗಿ ಅಳೆಯುವ ಅಸರ್ ಸಮೀಕ್ಷೆ ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ ಆರಿಸುತ್ತದೆ. ಒಂದು ತಾಲ್ಲೂಕಿಗೆ ನಾಲ್ಕೈದು ಹಳ್ಳಿ ಸಿಕ್ಕರೆ ಹೆಚ್ಚು. ಅದರ ರಾಜ್ಯದ ಅಂಕಿ ಗ್ರಾಮೀಣ ರಾಜ್ಯದ್ದು ಮಾತ್ರ ಎಂಬುದು ನಮಗೆ ಅನುಕೂಲವೇ. 2024ರ ಡಿಸೆಂಬರ್ 4ರಂದು ನಡೆದ, ಕೇಂದ್ರದ ಪರಖ್ ಕಲಿಕಾ ಸಮೀಕ್ಷೆ 3, 6, 9ನೇ ತರಗತಿಗಳದು, ಜಿಲ್ಲೆಯವರೆಗೆ ಬಳಸಬಹುದು. 2021ರ ರಾಷ್ಟ್ರೀಯ ಸಾಧನಾ ಸಮೀಕ್ಷೆ 3, 5, 8, 10ನೇ ತರಗತಿಗಳದು, ಕೋವಿಡ್ ನಂತರ ಶಾಲೆ ಆಗಷ್ಟೇ ತೆರೆದಿದ್ದಾಗಿನದು. ಅವೆರಡನ್ನು ಒಂದೇ ಗೆರೆಯಲ್ಲಿ ಕೂಡಿಸುವುದು ಬೇಡ.

ಕೊನೆಗೆ ಸಭೆಗೆ ಒಯ್ಯುವುದು ಒಂದೇ ಹಾಳೆ. ಎಡಕ್ಕೆ ಬ್ಲಾಕು, ಬಲಕ್ಕೆ ಮೂರು ಹೋಲಿಕೆ ಕಾಲಂ. ಸಾಲುಗಳು ಐದು: ನೂರು ಅಗತ್ಯ ಹುದ್ದೆಗೆ ಕಾಯಂ ಶಿಕ್ಷಕರ ಕೊರತೆ, ಗಣಿತ ಮತ್ತು ವಿಜ್ಞಾನ ಹುದ್ದೆ ಖಾಲಿ, ಏಳರಿಂದ ಎಂಟಕ್ಕೆ ಹೋದ ಬಾಲಕಿಯರು, ಎಂಟಕ್ಕೆ ಬಂದವರಲ್ಲಿ ಹತ್ತು ಪಾಸಾದವರು, ಮಿಶ್ರಣ ಕಳೆದ ಮೇಲಿನ ಅಂತರ. ಊಟದ ವಹಿಯ ಹಾಜರಿ ರಾಜ್ಯಕ್ಕೆ ಸಿಗುವುದಿಲ್ಲವಾದ್ದರಿಂದ ಅದು ಕೆಳಗೆ ಪ್ರತ್ಯೇಕ, ಜುಲೈ ಮತ್ತು ಜನವರಿ ಪಕ್ಕಪಕ್ಕ. ಪ್ರತಿ ಅಂಕಿಯ ಕೆಳಗೆ ಯಾವ ಸಂಖ್ಯೆಯನ್ನು ಯಾವುದರಿಂದ ಭಾಗಿಸಿದ್ದು ಎಂದು ಸಣ್ಣ ಅಕ್ಷರದಲ್ಲಿ ಬರೆದಿರಬೇಕು. ಹಾಳೆಯ ಹಿಂಬದಿಯಲ್ಲಿ ಎಂಟಕ್ಕೆ ಸೇರದ ಮಕ್ಕಳ ಸಂಖ್ಯೆ ಊರುವಾರು, ಹತ್ತಿರದ ಹೈಸ್ಕೂಲಿಗೆ ಎಷ್ಟು ದೂರ, ಶಾಲೆ ಬಿಡುವ ಹೊತ್ತಿಗೆ ಬಸ್ ಇದೆಯೇ ಎಂಬುದು. ಹೆಸರುಗಳನ್ನು ಸಭೆಯಲ್ಲಿ ಹಂಚುವುದಿಲ್ಲ, ಅವು ಆಯಾ ಸಿಆರ್‌ಪಿ ಕೈಗೆ. ಶಾಸಕರೂ ಪಂಚಾಯಿತಿ ಸದಸ್ಯರೂ ಮುಂಬದಿಯನ್ನು ಒಮ್ಮೆ ನೋಡಿ ಪಕ್ಕಕ್ಕಿಡುತ್ತಾರೆ; ಹಿಂಬದಿಯಲ್ಲಿ ತಮ್ಮ ಊರು ಎಲ್ಲಿದೆ ಎಂದು ಹುಡುಕುತ್ತಾರೆ, ಬಸ್ಸಿನ ಮಾತು ಅಲ್ಲಿಂದ ಶುರುವಾಗುತ್ತದೆ.